ಭೂಗೋಳದ ನೆತ್ತಿಯ ಮೇಲೊಂದು ಹಾದಿ

ಎರಡು ಊರುಗಳ ನಡುವೆ ಎಷ್ಟು ದೂರ? ಇದಕ್ಕಿಂತ ಸರಳವಾದ ಪ್ರಶ್ನೆ ಇನ್ನೊಂದಿರಲಾರದೆಂದು ತೋರುವುದು. ಗೋಡೆಯ ಮೇಲಿನ ಭೂಪಟಕ್ಕೆ ಅಳತೆಪಟ್ಟಿಯನ್ನು ಹಿಡಿದು, ಬಂದ ಸೆಂಟಿಮೀಟರುಗಳನ್ನು ಪಟದ ಮೂಲೆಯಲ್ಲಿ ಅಚ್ಚಾಗಿರುವ ಪ್ರಮಾಣದಿಂದ ಗುಣಿಸಿದರೆ ಉತ್ತರ ಕೈಗೆ ಬರಬೇಕಷ್ಟೆ. ನಮ್ಮ ಕಾಲೇಜಿನ ತರಗತಿಯೊಂದರಲ್ಲಿ ನಾವು ಈ ಪ್ರಶ್ನೆಯನ್ನು ಒಮ್ಮೆ ಕೇಳಿದೆವು. ನಾವು ಆರಿಸಿಕೊಂಡ ಊರುಗಳು ಮಾತ್ರ ಸ್ವಲ್ಪ ಅಪರಿಚಿತವಾದವು. ಒಂದು, ಅಲಾಸ್ಕದ ಉತ್ತರ ತುದಿಯಲ್ಲಿರುವ ಉಟ್ಕಿಯಾಗ್ವಿಕ್. ಮತ್ತೊಂದು, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಸ್ತೋಮದ ಲಾಂಗ್‌ಇಯರ್‌ಬೀನ್. ಎರಡರಲ್ಲಿಯೂ ವಿಮಾನ ನಿಲ್ದಾಣಗಳುಂಟು. ಒಂದರಿಂದ ಹೊರಟ ಜೆಟ್ ವಿಮಾನ ಇನ್ನೊಂದನ್ನು ಎಷ್ಟು ಹೊತ್ತಿನಲ್ಲಿ ಸೇರೀತು?

ಚುರುಕಾದ ವಿದ್ಯಾರ್ಥಿಯೊಬ್ಬ ಎದ್ದು ಹೋಗಿ ಪಟವನ್ನು ಅಳೆದ. ನಮ್ಮ ಗೋಡೆಯ ಪಟ ಒಂದು ಮೀಟರ್ ಅಗಲದ್ದು. ಭೂಮಿಯ ಸುತ್ತಳತೆ ಸುಮಾರು ೪೦,೦೦೦ ಕಿ.ಮೀ. ಆದುದರಿಂದ ಒಂದು ಸೆಂಟಿಮೀಟರಿಗೆ ೪೦೦ ಕಿ.ಮೀ. ಎರಡು ಊರುಗಳ ನಡುವೆ ಅವನಿಗೆ ೪೮ ಸೆಂಟಿಮೀಟರಿಗಿಂತ ತುಸು ಹೆಚ್ಚು ಬಂದಿತು. ದೂರ ೧೯,೦೦೦ ಕಿ.ಮೀ.ಗೂ ಮಿಕ್ಕಿದ್ದು, ಗಂಟೆಗೆ ೮೫೦ ಕಿ.ಮೀ. ವೇಗದಲ್ಲಿ ಪ್ರಯಾಣದ ಕಾಲ ೨೩ ಗಂಟೆ ಎಂದು ಅವನು ಕಪ್ಪು ಹಲಗೆಯ ಮೇಲೆ ಬರೆದ. ಗುಣಾಕಾರದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಒಂದು ಕ್ಷಣ ಯೋಚಿಸಿ ನೋಡಿ. ಗೋಳದ ಮೇಲೆ ಯಾವ ಎರಡು ಸ್ಥಳಗಳೂ ೨೦,೦೦೦ ಕಿ.ಮೀ.ಗಿಂತ ದೂರವಿರಲಾರವು, ಅಷ್ಟು ದೂರವಿದ್ದರೆ ಒಂದು ಇನ್ನೊಂದರ ಪಾದದ ಕೆಳಗೆ, ಭೂಮಿಯ ಆಚೆಯ ಬದಿಯಲ್ಲಿರಬೇಕು. ನಮ್ಮ ಎರಡು ಊರುಗಳೋ, ಎರಡೂ ಉತ್ತರ ಧ್ರುವದ ನೆರೆಹೊರೆಯವು! ಧ್ರುವದಿಂದ ಒಂದಕ್ಕೆ ಅಕ್ಷಾಂಶದ ೧೯ ಡಿಗ್ರಿಗಳಷ್ಟೂ ದೂರವಿಲ್ಲ, ಮತ್ತೊಂದಕ್ಕೆ ೧೨ ಡಿಗ್ರಿಗಳಷ್ಟೂ ಇಲ್ಲ. ಎಲ್ಲಿಯೋ ಏನೋ ಕೆಟ್ಟಿರಬೇಕೆಂದು ತರಗತಿಗೆ ಅರಿವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಲೆಕ್ಕಕ್ಕೆ ಕೈಹಾಕುವ ಮೊದಲು ಈ ಊರುಗಳ ಪರಿಚಯವನ್ನು ಸ್ವಲ್ಪ ಮಾಡಿಕೊಳ್ಳುವುದು ಒಳ್ಳೆಯದು. ಉಟ್ಕಿಯಾಗ್ವಿಕ್ ಇನುಪಿಯಾತ್ ಜನರ ಊರು. ೨೦೧೬ರವರೆಗೆ ಇದರ ಅಧಿಕೃತ ಹೆಸರು ಬ್ಯಾರೊ; ಆ ವರ್ಷ ಊರವರು ಮತ ನೀಡಿ ತಮ್ಮ ಹಿಂದಿನ ಹೆಸರನ್ನೇ ಮರಳಿ ತಂದುಕೊಂಡರು. ಅಲಾಸ್ಕದ ಉಳಿದ ಭಾಗದಿಂದ ಇಲ್ಲಿಗೆ ರಸ್ತೆಯಿಲ್ಲ. ಬೇಸಗೆಯಲ್ಲಿ ಸರಕಿನ ಹಡಗು, ವರ್ಷವಿಡೀ ವಿಮಾನ, ಇವೇ ಸಂಪರ್ಕ. ಮೇ ತಿಂಗಳ ಎರಡನೆಯ ವಾರದಿಂದ ಆಗಸ್ಟ್ ಮೊದಲವರೆಗೆ ಸೂರ್ಯ ಮುಳುಗುವುದೇ ಇಲ್ಲ. ನವೆಂಬರ್ ನಡುವಿನಿಂದ ಜನವರಿಯ ಕೊನೆಯ ಭಾಗದವರೆಗೆ ಮೂಡುವುದೇ ಇಲ್ಲ. ಇಲ್ಲಿಯ ವಿಮಾನ ನಿಲ್ದಾಣಕ್ಕೆ ವೈಲಿ ಪೋಸ್ಟ್ ಮತ್ತು ವಿಲ್ ರೋಜರ್ಸ್ ಎಂಬ ಇಬ್ಬರ ಹೆಸರನ್ನಿಟ್ಟಿದ್ದಾರೆ. ೧೯೩೩ರಲ್ಲಿ ಒಬ್ಬನೇ ವಿಮಾನ ನಡೆಸಿ ಭೂಪ್ರದಕ್ಷಿಣೆ ಮಾಡಿದ ಮೊದಲಿಗ ಪೋಸ್ಟ್. ರೋಜರ್ಸ್ ಅಮೆರಿಕದ ಜನಪ್ರಿಯ ಹಾಸ್ಯಗಾರ. ೧೯೩೫ರ ಆಗಸ್ಟ್ ೧೫ರಂದು ಇವರಿಬ್ಬರೂ ಮೋಡದಲ್ಲಿ ದಾರಿ ತಪ್ಪಿ, ಊರಿಗೆ ಇಪ್ಪತ್ತು ಕಿ.ಮೀ.ಗಿಂತ ಸ್ವಲ್ಪ ದೂರದಲ್ಲಿ ಹಿನ್ನೀರಿನ ಮೇಲಿಳಿದು, ಅಲ್ಲಿದ್ದವರನ್ನು ಬ್ಯಾರೊ ಯಾವ ಕಡೆ ಎಂದು ಕೇಳಿ ತಿಳಿದು ಮತ್ತೆ ಮೇಲೇರಿದರು. ಏರಿದೊಡನೆಯೇ ಎಂಜಿನ್ ನಿಂತು ವಿಮಾನ ನೀರಿಗೆ ಬಿದ್ದಿತು, ಇಬ್ಬರೂ ತೀರಿಕೊಂಡರು. ಭೂಮಿಯನ್ನೇ ಸುತ್ತಿ ಬಂದವನು ಕೊನೆಯ ಇಪ್ಪತ್ತು ಕಿ.ಮೀ.ಗೆ ದಾರಿ ಕೇಳಬೇಕಾಗಿ ಬಂದಿತು! ಉತ್ತರದ ಆ ನಾಡಿನಲ್ಲಿ ದಿಕ್ಕು ಹಿಡಿಯುವುದು ಎಂತಹ ಕೆಲಸವೆಂಬುದಕ್ಕೆ ಇದೊಂದೇ ಸಾಲದೆ?

ಲಾಂಗ್‌ಇಯರ್‌ಬೀನ್ ಇನ್ನೂ ಉತ್ತರಕ್ಕೆ, ೭೮ನೆಯ ಅಕ್ಷಾಂಶವನ್ನು ದಾಟಿ ಇದೆ. ‘ದೀರ್ಘ ವರ್ಷದ ಊರು’ ಎಂದು ಹೆಸರನ್ನು ಅರ್ಥಮಾಡಿದ ವಿದ್ಯಾರ್ಥಿಯೊಬ್ಬನುಂಟು. ತಿಂಗಳುಗಟ್ಟಲೆ ರಾತ್ರಿಯಿರುವ ಸ್ಥಳಕ್ಕೆ ಅದು ಒಪ್ಪುವ ಹೆಸರೇ ಸರಿ. ಆದರೆ ನಿಜವಾಗಿ ಅದು ೧೯೦೬ರಲ್ಲಿ ಅಲ್ಲಿ ಕಲ್ಲಿದ್ದಲ ಗಣಿ ತೆರೆದ ಲಾಂಗ್‌ಇಯರ್ ಎಂಬ ಅಮೆರಿಕದವನ ಹೆಸರು. ೧೯೭೫ರಲ್ಲಿ ಇಲ್ಲಿಯ ವಿಮಾನ ನಿಲ್ದಾಣ ತೆರೆಯಿತು. ಕಾಲನಿಯಮದಂತೆ ಸಾರ್ವಜನಿಕ ವಿಮಾನಗಳು ಬಂದುಹೋಗುವ ನಿಲ್ದಾಣಗಳಲ್ಲೆಲ್ಲ ಅತ್ಯಂತ ಉತ್ತರದ್ದು ಇದೇ. ೨೦೦೮ರಲ್ಲಿ ಭಾರತವು ಸ್ವಾಲ್‌ಬಾರ್ಡಿನ ನೀ-ಓಲೆಸುಂಡ್‌ನಲ್ಲಿ ‘ಹಿಮಾದ್ರಿ’ ಎಂಬ ಸಂಶೋಧನಾ ಕೇಂದ್ರವನ್ನು ತೆರೆಯಿತು. ಅಲ್ಲಿಗೆ ಹೋಗುವ ನಮ್ಮ ವಿಜ್ಞಾನಿಗಳು ಮೊದಲು ಇಳಿಯುವುದು ಈ ನಿಲ್ದಾಣದಲ್ಲಿಯೇ.

ಈಗ ನಮ್ಮ ಪಟದ ವಿಚಾರ. ಅದು ೧೫೬೯ರಲ್ಲಿ ಗೆರಾರ್ಡಸ್ ಮರ್ಕೇಟರ್ ತೋರಿಸಿಕೊಟ್ಟ ಕ್ರಮದಲ್ಲಿ ಬರೆದ ಪಟ. ಸಮುದ್ರಯಾನ ಮಾಡುವವರಿಗೆ ಅದರಿಂದ ಆದ ಉಪಕಾರ ಅಷ್ಟಿಷ್ಟಲ್ಲ: ಒಂದೇ ದಿಕ್ಕನ್ನು ಹಿಡಿದು ಹೋಗುವ ಹಡಗಿನ ಹಾದಿ ಈ ಪಟದ ಮೇಲೆ ಸರಳರೇಖೆಯಾಗಿ ಬೀಳುವುದು. ಆದರೆ ಈ ಅನುಕೂಲಕ್ಕೆ ತೆರಬೇಕಾದ ಬೆಲೆಯೂ ಇದೆ. ಗೋಳದ ಮೇಲೆ ರೇಖಾಂಶಗಳೆಲ್ಲ ಧ್ರುವದಲ್ಲಿ ಒಂದುಗೂಡುವುವು. ಮರ್ಕೇಟರನ ಪಟದಲ್ಲಿಯೋ ಅವು ಎಂದಿಗೂ ಸೇರದೆ ಸಮಾನಾಂತರವಾಗಿ ನಿಲ್ಲುವುವು. ಅಂದರೆ ಉತ್ತರಕ್ಕೆ ಹೋದಷ್ಟೂ ಪಟವನ್ನು ಅಡ್ಡಲಾಗಿ ಹಿಗ್ಗಿಸಿದ್ದಾರೆ. ಆಕಾರ ಕೆಡದಿರಲೆಂದು ಉದ್ದಕ್ಕೂ ಅಷ್ಟೇ ಹಿಗ್ಗಿಸಿದ್ದಾರೆ. ಈ ಹಿಗ್ಗು ಉಟ್ಕಿಯಾಗ್ವಿಕ್‌ನಲ್ಲಿ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಲಾಂಗ್‌ಇಯರ್‌ಬೀನ್‌ನಲ್ಲಿ ಸುಮಾರು ಐದು ಪಟ್ಟು. ಧ್ರುವದಲ್ಲಿ ಅದು ಅನಂತವಾಗುವುದರಿಂದ ಧ್ರುವಕ್ಕೆ ಆ ಪಟದಲ್ಲಿ ಸ್ಥಳವೇ ಇಲ್ಲ. ಭೂಮಧ್ಯರೇಖೆಯ ಪ್ರಮಾಣವನ್ನು ಅಲ್ಲಿಗೂ ಅನ್ವಯಿಸಿದುದೇ ನಮ್ಮ ವಿದ್ಯಾರ್ಥಿಯ ತಪ್ಪು. ಹಿಗ್ಗನ್ನು ಸರಿಪಡಿಸಿ ಅದೇ ಸರಳರೇಖೆಯ ನಿಜವಾದ ಉದ್ದವನ್ನು ಲೆಕ್ಕಹಾಕಿದರೆ ೧೯,೦೦೦ ಕಿ.ಮೀ. ಇದ್ದುದು ೫,೦೦೦ ಕಿ.ಮೀ.ಗೆ ಇಳಿಯುವುದು.

ಇದಾದರೂ ಅತ್ಯಂತ ಹತ್ತಿರದ ದಾರಿಯೆ? ಅಲ್ಲ. ಇಲ್ಲಿ ಭೂಪಟವನ್ನು ಬದಿಗಿಟ್ಟು ಗೋಳವನ್ನೇ ತೆಗೆದುಕೊಳ್ಳಬೇಕು. ಎರಡು ಬಿಂದುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದರೆ ಅದು ತಾನಾಗಿಯೇ ಅತ್ಯಂತ ಚಿಕ್ಕ ಹಾದಿಯನ್ನು ಹಿಡಿಯುವುದು. ಅದು ಭೂಕೇಂದ್ರವನ್ನೇ ತನ್ನ ಕೇಂದ್ರವಾಗುಳ್ಳ ಮಹಾವೃತ್ತದ ಒಂದು ತುಂಡು. ನಾವು ತರಗತಿಯಲ್ಲಿ ೩೦ ಸೆಂಟಿಮೀಟರ್ ವ್ಯಾಸದ ಗೋಳವನ್ನು ಮೇಜಿನ ಮೇಲಿಟ್ಟು ದಾರ ಎಳೆಯಹೋದಾಗ ಒಂದು ಅಡಚಣೆ ಎದುರಾಯಿತು. ಗೋಳವನ್ನು ಚೌಕಟ್ಟಿಗೆ ಬಿಗಿಯುವ ಹಿತ್ತಾಳೆಯ ತಿರುಪು ಸರಿಯಾಗಿ ಉತ್ತರ ಧ್ರುವದ ಮೇಲೆಯೇ ಕುಳಿತಿತ್ತು! ಗೋಳವನ್ನು ಮಾಡಿದವರ ಎಣಿಕೆಯಲ್ಲಿ ಆ ಜಾಗದಲ್ಲಿ ಯಾರಿಗೂ ಏನೂ ಕೆಲಸವಿರಲಾರದು. ಎರಡು ಸೆಂಟಿಮೀಟರಿನ ಆ ತಿರುಪು ೮೫೦ ಕಿ.ಮೀ. ಅಗಲದ ಪ್ರದೇಶವನ್ನು ಮುಚ್ಚಿತ್ತು. ದಾರ ಅದರ ಮೇಲೆ ನಿಲ್ಲದೆ ಜಾರಿ ಜಾರಿ ಹೋಗುತ್ತಿತ್ತು. ಕೊನೆಗೆ ತಿರುಪನ್ನು ಬಿಚ್ಚಿ ಗೋಳವನ್ನು ಕೈಯಲ್ಲಿ ಹಿಡಿದುಕೊಂಡು ಅಳೆದೆವು. ದಾರ ಎಂಟೇ ಸೆಂಟಿಮೀಟರು. ಆ ಗೋಳದಲ್ಲಿ ಒಂದು ಸೆಂಟಿಮೀಟರಿಗೆ ಸುಮಾರು ೪೨೫ ಕಿ.ಮೀ.; ಆದುದರಿಂದ ದೂರ ೩,೪೦೦ ಕಿ.ಮೀ. ಆಸುಪಾಸು.

ದಾರದ ಮಾತನ್ನು ಗಣಿತ ಸಮರ್ಥಿಸುವುದೇ ನೋಡೋಣ. ಗೋಳೀಯ ತ್ರಿಕೋಣಮಿತಿಯ ಸೂತ್ರ ಕಠಿಣವೇನಲ್ಲ. ಎರಡು ಅಕ್ಷಾಂಶಗಳ ಸೈನುಗಳನ್ನು ಗುಣಿಸಿ ಒಂದು ಕಡೆ ಇಡಿ. ಅವುಗಳ ಕೊಸೈನುಗಳನ್ನು ಗುಣಿಸಿ, ಬಂದುದನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನಿನಿಂದ ಮತ್ತೆ ಗುಣಿಸಿ. ಈ ಎರಡನ್ನೂ ಕೂಡಿಸಿದರೆ ಭೂಕೇಂದ್ರದಲ್ಲಿ ಆ ಎರಡು ಊರುಗಳು ಮಾಡುವ ಕೋನದ ಕೊಸೈನ್ ದೊರೆಯುವುದು. ಉಟ್ಕಿಯಾಗ್ವಿಕ್ ನಿಲ್ದಾಣದ ಅಕ್ಷಾಂಶ ಉತ್ತರ ೭೧.೨೮೫°, ರೇಖಾಂಶ ಪಶ್ಚಿಮ ೧೫೬.೭೭°; ಲಾಂಗ್‌ಇಯರ್‌ಬೀನ್‌ನದು ಉತ್ತರ ೭೮.೨೪೬°, ಪೂರ್ವ ೧೫.೪೭°. ರೇಖಾಂಶಗಳ ವ್ಯತ್ಯಾಸ ೧೭೨.೨೪°, ಅದರ ಕೊಸೈನ್ ಋಣಸಂಖ್ಯೆ. ಮೊದಲನೆಯ ಗುಣಲಬ್ಧ ೦.೯೨೭೩, ಎರಡನೆಯದು −೦.೦೬೪೮. ಕೂಡಿದರೆ ೦.೮೬೨೫; ಕೋನ ೩೦.೪°. ಒಂದು ಡಿಗ್ರಿಗೆ ಸರಾಸರಿ ೧೧೧.೨ ಕಿ.ಮೀ. ಎಂದು ಹಿಡಿದರೆ ದೂರ ೩,೩೮೦ ಕಿ.ಮೀ. ನಾವಿಕರು ಇದನ್ನೇ ಇನ್ನೂ ಸುಲಭವಾಗಿ ಹೇಳುವರು: ಅವರ ಒಂದು ಮೈಲಿಯೆಂದರೆ ಕೋನದ ಒಂದು ಮಿನಿಟು, ೩೦.೪ನ್ನು ೬೦ರಿಂದ ಗುಣಿಸಿದರೆ ೧,೮೨೪ ನಾವಿಕ ಮೈಲಿ. ಭೂಮಿ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾಗಿರುವುದರಿಂದ ಅಲ್ಲಿ ಅಕ್ಷಾಂಶದ ಒಂದು ಡಿಗ್ರಿ ೧೧೧.೭ ಕಿ.ಮೀ.ವರೆಗೂ ಉದ್ದ; ಭೂಮಧ್ಯರೇಖೆಯ ಬಳಿ ಅದು ೧೧೦.೬ ಮಾತ್ರ. ಇದನ್ನೂ ಲೆಕ್ಕಕ್ಕೆ ತಂದರೆ ನಮ್ಮ ದೂರಕ್ಕೆ ಹನ್ನೆರಡು ಹದಿಮೂರು ಕಿ.ಮೀ. ಕೂಡಿಕೊಳ್ಳುವುವು. ದಾರದ ಅಳತೆಗೆ ನಾಚಿಕೆಪಡಬೇಕಾದ ಕಾರಣವೇನೂ ಇಲ್ಲ.

ಈ ಹಾದಿಯ ಸ್ವಾರಸ್ಯ ದೂರದಲ್ಲಿ ಮಾತ್ರವಲ್ಲ, ದಿಕ್ಕಿನಲ್ಲಿಯೂ ಇದೆ. ಪಟದ ಮೇಲಿನ ಸರಳರೇಖೆಯನ್ನು ನಂಬಿದವನು ಉಟ್ಕಿಯಾಗ್ವಿಕ್‌ನಿಂದ ಬಹುಮಟ್ಟಿಗೆ ಪೂರ್ವಕ್ಕೆ, ಕೆನಡದ ಕಡೆಗೆ ಹೊರಡುವನು. ಮಹಾವೃತ್ತವನ್ನು ಹಿಡಿದ ವಿಮಾನವೋ ಉತ್ತರಕ್ಕೆ, ಕೇವಲ ಮೂರು ಡಿಗ್ರಿಯಷ್ಟು ಪೂರ್ವಕ್ಕೆ ವಾಲಿ, ಹಿಮಗಟ್ಟಿದ ಸಮುದ್ರದ ಮೇಲೆ ಹೊರಡುವುದು. ೨,೦೮೦ ಕಿ.ಮೀ. ಹೋದಮೇಲೆ ಅದು ಧ್ರುವದಿಂದ ಒಂದೇ ಡಿಗ್ರಿ, ಎಂದರೆ ೧೧೧ ಕಿ.ಮೀ. ದೂರದಲ್ಲಿರುವುದು, ನಮ್ಮ ಗೋಳದ ಮೇಲೆ ಮೂರು ಮಿಲಿಮೀಟರೂ ಇಲ್ಲ. ಆ ಕ್ಷಣದಲ್ಲಿ ಅದರ ಮೂತಿ ನೇರವಾಗಿ ಪೂರ್ವಕ್ಕೆ. ಅಲ್ಲಿಂದ ಮುಂದೆ ದಕ್ಷಿಣ. ಲಾಂಗ್‌ಇಯರ್‌ಬೀನ್‌ನಲ್ಲಿ ಇಳಿಯುವಾಗ ಅದು ಹೆಚ್ಚುಕಡಮೆ ಸರಿಯಾಗಿ ದಕ್ಷಿಣಾಭಿಮುಖ. ಹೊರಡುವಾಗ ಉತ್ತರ, ಸೇರುವಾಗ ದಕ್ಷಿಣ. ಆದರೆ ಚಾಲಕ ವಿಮಾನವನ್ನು ಒಮ್ಮೆಯೂ ತಿರುಗಿಸಿಲ್ಲ! ತಿರುಗಿದುದು ವಿಮಾನವಲ್ಲ, ಉತ್ತರ ದಿಕ್ಕು. ಧ್ರುವಕ್ಕೆ ಅತ್ಯಂತ ಸಮೀಪದಲ್ಲಿ ಈ ಬದಲಾವಣೆ ನಿಮಿಷಕ್ಕೆ ಏಳು ಡಿಗ್ರಿಗೂ ಹೆಚ್ಚು. ಹದಿನಾರು ನಿಮಿಷಗಳೊಳಗಾಗಿ ಈಶಾನ್ಯವಿದ್ದುದು ಆಗ್ನೇಯವಾಗಿಬಿಡುವುದು.

ಹಾಗಾದರೆ ಚಾಲಕನು ಏನನ್ನು ನೋಡಿ ದಾರಿ ಹಿಡಿಯಬೇಕು? ಅಯಸ್ಕಾಂತದ ದಿಕ್ಸೂಚಿಯಿಂದ ಅಲ್ಲಿ ಪ್ರಯೋಜನ ಅಲ್ಪ. ಭೂಮಿಯ ಕಾಂತಕ್ಷೇತ್ರ ಕಾಂತಧ್ರುವದ ಬಳಿ ನೆಟ್ಟಗೆ ಕೆಳಮುಖವಾಗಿರುವುದರಿಂದ, ಸೂಜಿಯನ್ನು ಅಡ್ಡವಾಗಿ ಎಳೆಯುವ ಬಲ ಉಳಿಯುವುದೇ ಇಲ್ಲವೆನ್ನಬೇಕು. ಸಾಲದುದಕ್ಕೆ ಆ ಕಾಂತಧ್ರುವವೂ ನಿಂತಲ್ಲಿ ನಿಲ್ಲುವುದಲ್ಲ. ೧೮೩೧ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಅದನ್ನು ಕೆನಡದ ಬೂಥಿಯ ಪರ್ಯಾಯದ್ವೀಪದಲ್ಲಿ ಗುರುತಿಸಿದ. ೨೦೧೭ರ ಸುಮಾರಿಗೆ ಅದು ಭೌಗೋಳಿಕ ಧ್ರುವದಿಂದ ೪೦೦ ಕಿ.ಮೀ.ಗಳೊಳಗೆ ಸಾಗಿ, ಸೈಬೀರಿಯದ ಕಡೆಗೆ ಹೊರಟಿತು.

ಈ ಕಷ್ಟವನ್ನು ಮೈಮೇಲೆ ಎಳೆದುಕೊಂಡು, ನಾವು ಈಗ ಲೆಕ್ಕಹಾಕಿದ ಪ್ರಯಾಣವನ್ನು ನಿಜವಾಗಿ ಮಾಡಿ ತೋರಿಸಿದವರು ಇಬ್ಬರು. ಆಸ್ಟ್ರೇಲಿಯದ ಹ್ಯೂಬರ್ಟ್ ವಿಲ್ಕಿನ್ಸ್, ಮತ್ತು ಅವನ ವಿಮಾನ ಚಾಲಕ, ಅಮೆರಿಕದ ಕಾರ್ಲ್ ಬೆನ್ ಐಲ್ಸನ್. ಇವರಿಗಿಂತ ಮೊದಲು, ೧೯೨೬ರ ಮೇ ತಿಂಗಳಲ್ಲಿ, ಅಮುಂಡ್ಸೆನ್, ಎಲ್ಸ್‌ವರ್ತ್, ನೊಬಿಲೆ ಇವರು ‘ನೋರ್ಗೆ’ ಎಂಬ ವಾಯುನೌಕೆಯಲ್ಲಿ ಸ್ವಾಲ್‌ಬಾರ್ಡಿನಿಂದ ಧ್ರುವದ ಮೇಲೆ ಹಾದು ಅಲಾಸ್ಕವನ್ನು ಮುಟ್ಟಿದ್ದುಂಟು. ಆದರೆ ಗಾಳಿಗಿಂತ ಭಾರವಾದ ಯಂತ್ರದಲ್ಲಿ ಯಾರೂ ಈ ಸಮುದ್ರವನ್ನು ದಾಟಿರಲಿಲ್ಲ. ವಿಲ್ಕಿನ್ಸನ ಮೊದಲ ಯತ್ನಗಳು ಫಲಿಸಲಿಲ್ಲ. ೧೯೨೭ರಲ್ಲಿ ಎಂಜಿನ್ ಕೆಟ್ಟು ಇಬ್ಬರೂ ತೇಲುವ ಹಿಮದ ಮೇಲೆ ಇಳಿಯಬೇಕಾಯಿತು. ವಿಮಾನವನ್ನು ಅಲ್ಲಿಯೇ ಬಿಟ್ಟು ದಿನಗಟ್ಟಲೆ ನಡೆದು ದಡ ಸೇರಿದರು. ಹಿಮದ ಕಡಿತಕ್ಕೆ ಐಲ್ಸನ್ ಒಂದು ಬೆರಳನ್ನು ಕಳೆದುಕೊಂಡ. ಮರುವರ್ಷ ಅದೇ ಐಲ್ಸನ್ ಮತ್ತೆ ಜೊತೆಗೆ ಬಂದನೆಂಬುದು ನಮಗೆ ಇಂದಿಗೂ ಆಶ್ಚರ್ಯ.

೧೯೨೮ರ ಏಪ್ರಿಲ್ ೧೫ರಂದು ಒಂಟಿ ಎಂಜಿನ್ನಿನ ಲಾಕ್‌ಹೀಡ್ ವೇಗಾ ವಿಮಾನದಲ್ಲಿ, ಚಕ್ರಗಳ ಬದಲು ಜಾರುಹಲಗೆಗಳನ್ನು ಕಟ್ಟಿಕೊಂಡು, ಇವರು ಬ್ಯಾರೊ ಭೂಶಿರದಿಂದ ಮೇಲೇರಿದರು. ಧ್ರುವದ ಮೇಲೆ ಹಾಯುವ ಆಸೆ ವಿಲ್ಕಿನ್ಸನಿಗೆ ಇರಲಿಲ್ಲ. ಅದನ್ನು ‘ನೋರ್ಗೆ’ ನೋಡಿಯಾಗಿತ್ತು. ಧ್ರುವಕ್ಕೂ ಕೆನಡದ ದ್ವೀಪಗಳಿಗೂ ನಡುವೆ ಯಾರೂ ಕಾಣದ ನೆಲವೇನಾದರೂ ಅಡಗಿದೆಯೇ ಎಂದು ನೋಡಬೇಕೆಂಬುದು ಅವನ ಉದ್ದೇಶ. ಅದಕ್ಕಾಗಿ ಮಹಾವೃತ್ತವನ್ನು ಬಿಟ್ಟು ಸ್ವಲ್ಪ ಬಳಸಿ ಹೋದ. ಒಟ್ಟು ಹಾದಿ ಸುಮಾರು ೨,೨೦೦ ಮೈಲಿ, ಎಂದರೆ ೩,೫೪೦ ಕಿ.ಮೀ. ಹೊಸ ನೆಲ ಕಾಣಲಿಲ್ಲ. ಸೂರ್ಯನ ಎತ್ತರವನ್ನು ಸೆಕ್ಸ್‌ಟಂಟ್‌ನಿಂದ ಅಳೆಯುತ್ತ, ದಿಕ್ಸೂಚಿಯ ತಪ್ಪನ್ನು ಮೊದಲೇ ಲೆಕ್ಕಮಾಡಿಟ್ಟುಕೊಂಡು, ಹಾದಿಯ ದಿಕ್ಕನ್ನು ಮತ್ತೆ ಮತ್ತೆ ಬದಲಿಸುತ್ತ ಅವನು ಐಲ್ಸನನಿಗೆ ದಾರಿ ಹೇಳಬೇಕಾಗಿತ್ತು. ೨೦ ಗಂಟೆ ೨೦ ನಿಮಿಷಗಳ ಮೇಲೆ, ಇಂಧನ ತೀರುತ್ತ ಬಂದಿರುವಾಗ, ಬಿರುಗಾಳಿಯ ನಡುವೆ, ಸ್ವಾಲ್‌ಬಾರ್ಡಿನ ಒಂದು ಪುಟ್ಟ ದ್ವೀಪದ ಹಿಮದ ಮೇಲೆ ಇಳಿದರು. ಸರಾಸರಿ ವೇಗ ಗಂಟೆಗೆ ೧೭೪ ಕಿ.ಮೀ.

ಇಲ್ಲಿ ವಿದ್ಯಾರ್ಥಿಗಳು ಒಂದು ಭಾಗಾಕಾರವನ್ನು ತಾವೇ ಮಾಡಿ ನೋಡಬೇಕು. ಇದೇ ವೇಗದಲ್ಲಿ, ಭೂಪಟದ ಸರಳರೇಖೆಯ ೫,೦೦೦ ಕಿ.ಮೀ. ಹಾದಿಯನ್ನು ಹಿಡಿದಿದ್ದರೆ ಸುಮಾರು ೨೯ ಗಂಟೆಗಳು ಬೇಕಾಗುತ್ತಿದ್ದುವು. ಇಪ್ಪತ್ತನೆಯ ಗಂಟೆಯಲ್ಲಿ ಇಂಧನ ತೀರುತ್ತಿದ್ದ ವಿಮಾನಕ್ಕೆ ಉಳಿದ ಒಂಬತ್ತು ಗಂಟೆಗಳ ಗತಿಯೇನು? ಗೋಳೀಯ ತ್ರಿಕೋಣಮಿತಿ ಪರೀಕ್ಷೆಗಾಗಿ ಕಲಿಯುವ ವಸ್ತುವೆಂದು ತಿಳಿದವರಿಗೆ ನಾವು ಈ ಲೆಕ್ಕವನ್ನು ತೋರಿಸುವುದುಂಟು.

ದ್ವೀಪದಲ್ಲಿ ಬಿರುಗಾಳಿ ಅವರನ್ನು ಐದು ದಿನ ಹಿಡಿದಿಟ್ಟಿತು. ಗಾಳಿ ನಿಂತಮೇಲೆ ಹೊರಡೋಣವೆಂದರೆ ಹಿಮದಲ್ಲಿ ಹೂತ ವಿಮಾನ ಒಬ್ಬರು ಹೊರಗೆ ನಿಂತು ತಳ್ಳದ ಹೊರತು ಕದಲದು. ವಿಲ್ಕಿನ್ಸ್ ತಳ್ಳಿದ, ವಿಮಾನ ಅವನನ್ನು ಬಿಟ್ಟು ಮೇಲೇರಿತು. ಐಲ್ಸನ್ ನೋಡಿ ಹಿಂದಿರುಗಿದ. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ವಿಲ್ಕಿನ್ಸ್ ಒಂದು ಕಾಲನ್ನು ವಿಮಾನದೊಳಗೆ ಇಟ್ಟು, ಸಮುದ್ರ ತಂದು ಹಾಕಿದ್ದ ಮರದ ತುಂಡೊಂದರಿಂದ ಹಿಮವನ್ನು ಒತ್ತಿ ತಳ್ಳಿ, ಒಳಗೆ ಉರುಳಿಕೊಂಡ. ಮೇಲೇರಿ ನೋಡಿದರೆ ಗ್ರೀನ್ ಹಾರ್ಬರಿನ ರೇಡಿಯೊ ಕೇಂದ್ರದ ಕಂಬಗಳು ಕೆಲವೇ ಕಿ.ಮೀ. ಆಚೆಗೆ ಕಾಣಿಸಿದುವು! ಅದೇ ವರ್ಷ ವಿಲ್ಕಿನ್ಸನಿಗೆ ‘ಸರ್’ ಪದವಿ ಬಂದಿತು. ಐಲ್ಸನ್ ೧೯೨೯ರ ನವೆಂಬರಿನಲ್ಲಿ, ಸೈಬೀರಿಯದ ಕರೆಯಲ್ಲಿ ಹಿಮಕ್ಕೆ ಸಿಕ್ಕಿದ್ದ ಹಡಗೊಂದರ ನೆರವಿಗೆ ಹೋದವನು ಹಿಂದಿರುಗಲಿಲ್ಲ.

ಅವರ ಅನಂತರ ದಿಕ್ಕಿನ ತೊಡಕಿಗೆ ಒಂದು ಜಾಣ ಪರಿಹಾರ ದೊರೆಯಿತು. ಉತ್ತರವೇ ಸುತ್ತುತ್ತಿದ್ದರೆ ಅದನ್ನು ಕೈಬಿಟ್ಟರಾಯಿತು! ಧ್ರುವಪ್ರದೇಶದ ಪಟದ ಮೇಲೆ ಗ್ರೀನಿಚ್ ರೇಖಾಂಶಕ್ಕೆ ಸಮಾನಾಂತರವಾಗಿ ಗೆರೆಗಳ ಜಾಲವನ್ನು ಎಳೆದು, ಆ ಗೆರೆಗಳ ತುದಿಯನ್ನೇ ‘ಉತ್ತರ’ವೆಂದು ಕರೆಯುವುದು. ಎರಡನೆಯ ಮಹಾಯುದ್ಧದ ಹೊತ್ತಿಗೆ ಈ ಕ್ರಮ ಬಳಕೆಗೆ ಬಂದಿತು. ಈ ಲೆಕ್ಕದಲ್ಲಿ ನಮ್ಮ ವಿಮಾನದ ದಿಕ್ಕು ಹೊರಡುವಾಗ ೧೬೦°, ಧ್ರುವದ ಬಳಿ ೧೬೦°, ಇಳಿಯುವಾಗಲೂ ೧೬೦°. ಆ ದಿಕ್ಕನ್ನು ಹಿಡಿದು ನಿಲ್ಲಿಸಲು ಗೈರೊಸ್ಕೋಪು ಬೇಕು. ವೇಗವಾಗಿ ತಿರುಗುವ ಚಕ್ರದ ಅಚ್ಚು ನಕ್ಷತ್ರಗಳಿಗೆ ಹೋಲಿಸಿದರೆ ಕದಲದೆ ನಿಲ್ಲುವುದು. ಭೂಮಿ ಮಾತ್ರ ಅದರ ಕೆಳಗೆ ಗಂಟೆಗೆ ೧೫ ಡಿಗ್ರಿ ತಿರುಗುತ್ತಿರುವುದು. ಇದನ್ನು ಕಳೆಯದೆ ಹೋದರೆ ನಾಲ್ಕು ಗಂಟೆಗಳಲ್ಲಿ ೬೦ ಡಿಗ್ರಿಯ ತಪ್ಪಾದೀತು. ಇಂತಹ ಗೈರೊಗಳ ನೆರವಿನಿಂದಲೇ ೧೯೫೪ರ ನವೆಂಬರಿನಲ್ಲಿ ಕೋಪನ್‌ಹೇಗನ್ನಿನಿಂದ ಲಾಸ್ ಏಂಜಲಿಸಿಗೆ ಉತ್ತರದ ಹಾದಿಯಲ್ಲಿ ಪ್ರಯಾಣಿಕರ ವಿಮಾನಗಳು ಆರಂಭವಾದುವು. ಇಂದಿನ ವಿಮಾನಗಳಲ್ಲಿ ಜಡತ್ವವನ್ನಾಧರಿಸಿದ ಉಪಕರಣಗಳೂ ಉಪಗ್ರಹಗಳ ಸಂಕೇತಗಳೂ ಈ ಕೆಲಸವನ್ನು ಮಾಡುವುವು. ಉಪಗ್ರಹಗಳೆಂದಾಗ ಒಂದು ಮಾತು: ಭೂಮಧ್ಯರೇಖೆಯ ಮೇಲೆ ಒಂದೇ ಕಡೆ ನಿಂತಂತೆ ತೋರುವ ಸಂಪರ್ಕ ಉಪಗ್ರಹಗಳು ೮೧° ಅಕ್ಷಾಂಶದಾಚೆಗೆ ಕ್ಷಿತಿಜದ ಕೆಳಗೆ ಮರೆಯಾಗುವುವು. ನಮ್ಮ ಹಾದಿಯ ಅರ್ಧಕ್ಕೂ ಹೆಚ್ಚು ಭಾಗ ಆ ಗೆರೆಯಿಂದಾಚೆ ಇದೆ. ಅಲ್ಲಿ ಮಾತಾಡಲು ಹ್ರಸ್ವತರಂಗ ರೇಡಿಯೊ, ಇಲ್ಲವೆ ಧ್ರುವಗಳ ಮೇಲೆ ಹಾಯುವ ಬೇರೆ ಉಪಗ್ರಹಗಳೇ ಗತಿ.

ಇನ್ನು ಕಾಲ. ೩,೩೯೦ ಕಿ.ಮೀ.ಗಳನ್ನು ಗಂಟೆಗೆ ೮೫೦ರಂತೆ ಭಾಗಿಸಿದರೆ ಸುಮಾರು ನಾಲ್ಕು ಗಂಟೆ. ಏರುವುದಕ್ಕೂ ಇಳಿಯುವುದಕ್ಕೂ ಅರ್ಧ ಗಂಟೆ ಸೇರಿಸಿ ನಾಲ್ಕೂವರೆ ಎನ್ನೋಣ. ಗಾಳಿ ಇದನ್ನು ಬದಲಿಸುವುದು. ಹೋಗುವಾಗ ಎದುರುಗಾಳಿ ಕೆಡಿಸಿದ್ದನ್ನು ಬರುವಾಗ ಹಿಂಗಾಳಿ ಸರಿ ಮಾಡಿಕೊಡುವುದೆಂದು ಅನೇಕರು ಭಾವಿಸುವರು. ಹಾಗಲ್ಲ. ಗಾಳಿಯ ವೇಗ ೧೦೦ ಕಿ.ಮೀ. ಆದರೆ ಹೋಗುವಾಗ ೭೫೦ರ ವೇಗದಲ್ಲಿ ನಾಲ್ಕೂವರೆ ಗಂಟೆ, ಬರುವಾಗ ೯೫೦ರಲ್ಲಿ ಮೂರು ಗಂಟೆ ೩೪ ನಿಮಿಷ. ಒಟ್ಟಿನಲ್ಲಿ ಗಾಳಿಯಿಲ್ಲದ ದಿನಕ್ಕಿಂತ ಏಳು ನಿಮಿಷ ಹೆಚ್ಚು. ಎದುರುಗಾಳಿಯಲ್ಲಿ ನಾವು ಹೆಚ್ಚು ಹೊತ್ತು ಇರುವೆವಾದುದರಿಂದ ನಷ್ಟವೇ ಗೆಲ್ಲುವುದು.

ಗಡಿಯಾರವಂತೂ ಇನ್ನೂ ವಿನೋದ ಮಾಡುವುದು. ಎರಡು ಊರುಗಳ ಗಡಿಯಾರಗಳಿಗೆ ಹತ್ತು ಗಂಟೆಗಳ ಅಂತರ. ಉಟ್ಕಿಯಾಗ್ವಿಕ್‌ನಲ್ಲಿ ಬೆಳಗ್ಗೆ ಎಂಟಕ್ಕೆ ಹೊರಟವನು ರಾತ್ರಿ ಹತ್ತೂವರೆಗೆ ಲಾಂಗ್‌ಇಯರ್‌ಬೀನ್‌ನಲ್ಲಿ ಇಳಿಯುವನು. ಮಾರನೆಯ ದಿನ ಅಲ್ಲಿಂದ ಬೆಳಗ್ಗೆ ಎಂಟಕ್ಕೆ ಹಿಂದಿರುಗಿದರೆ ಅದೇ ದಿನ ಬೆಳಗಿನ ಜಾವ ಎರಡೂವರೆಗೆ, ಎಂದರೆ ಹೊರಡುವುದಕ್ಕೆ ಐದೂವರೆ ಗಂಟೆ ಮೊದಲೇ, ಊರು ಸೇರಿರುವನು!

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಹೇಳಲೇಬೇಕಾದ ಮಾತೊಂದಿದೆ. ಈ ಎರಡು ನಿಲ್ದಾಣಗಳ ನಡುವೆ ನೇರವಾಗಿ ಪ್ರಯಾಣಿಕರನ್ನು ಒಯ್ಯುವ ನಿತ್ಯ ವಿಮಾನವಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದವನು ದಕ್ಷಿಣಕ್ಕಿಳಿದು ಆಂಕರೇಜ್, ಅಲ್ಲಿಂದ ಸಿಯಾಟಲ್, ಅಟ್ಲಾಂಟಿಕ್ ದಾಟಿ ಫ್ರಾಂಕ್‌ಫರ್ಟಿನಂತಹ ಒಂದು ಊರು, ಮತ್ತೆ ಓಸ್ಲೊ, ಕೊನೆಗೆ ಉತ್ತರಕ್ಕೆ ಲಾಂಗ್‌ಇಯರ್‌ಬೀನ್ ಹೀಗೆ ಸುತ್ತಬೇಕು. ಎಲ್ಲವನ್ನೂ ಕೂಡಿದರೆ ೧೪,೦೦೦ ಕಿ.ಮೀ.ಗೂ ಹೆಚ್ಚು. ನಮ್ಮ ವಿದ್ಯಾರ್ಥಿಯ ಮೊದಲ ಉತ್ತರ, ಪಾಪ, ವ್ಯವಹಾರದಲ್ಲಿ ಅಷ್ಟೇನೂ ದೂರ ಹೋಗಿರಲಿಲ್ಲ!

ಧ್ರುವದ ಹಾದಿ ನಮ್ಮ ನಾಡಿಗೂ ಒಮ್ಮೆ ಬಂದು ಮುಟ್ಟಿದೆ. ೨೦೨೧ರ ಜನವರಿ ೧೧ರ ಮುಂಜಾನೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯ ವಿಮಾನ, ಝೋಯಾ ಅಗರ್‌ವಾಲ್ ಅವರ ನಾಯಕತ್ವದಲ್ಲಿ, ಮಹಿಳೆಯರೇ ನಡೆಸಿಕೊಂಡು, ಉತ್ತರ ಧ್ರುವದ ಮೇಲಿಂದ ಹಾದು ಸುಮಾರು ೧೭ ಗಂಟೆಗಳಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ನಮ್ಮ ಹುಡುಗರು ಈ ಹಾದಿಗೂ ದಾರ ಎಳೆದರು. ಈ ಸಲ ೩೩ ಸೆಂಟಿಮೀಟರ್ ಬೇಕಾಯಿತು. ಆದರೆ ದಾರ ಧ್ರುವವನ್ನು ಮುಟ್ಟಲಿಲ್ಲ. ಅದು ಪೂರ್ವ ಸೈಬೀರಿಯದ ಮೇಲೆ ೭೧ನೆಯ ಅಕ್ಷಾಂಶದವರೆಗೆ, ಹೆಚ್ಚುಕಡಮೆ ಉಟ್ಕಿಯಾಗ್ವಿಕ್‌ನಷ್ಟೇ ಉತ್ತರಕ್ಕೆ ಏರಿ ಇಳಿಯಿತು. ಉದ್ದ ೧೪,೦೦೦ ಕಿ.ಮೀ. ಅಂದಿನ ವಿಮಾನ ಹಾರಿದ್ದು ಸುಮಾರು ೧೬,೦೦೦. ಎರಡು ಸಾವಿರ ಕಿ.ಮೀ. ಹೆಚ್ಚು ಹಾರಿದುದೇಕೆಂದು ಅವರು ಕೇಳಿದಾಗ, ದಾರಕ್ಕೆ ಗಾಳಿ ತಗಲುವುದಿಲ್ಲ, ತುರ್ತಿಗೆ ಇಳಿಯಲು ನಿಲ್ದಾಣವೂ ಬೇಕಿಲ್ಲ ಎಂದೆವು. ತಿರುಪನ್ನು ಮತ್ತೆ ಅದರ ಜಾಗಕ್ಕೆ ಹಾಕುವ ಕೆಲಸ ಇನ್ನೂ ಉಳಿದಿದೆ.